ಚುಕ್ಕಿಯ ಹಿಂದಿನ ಅಕ್ಷರಗಳು

ಓಣಿಯ ಮುದ್ರಣಾಲಯದಲ್ಲಿ ಕಂಪ್ಯೂಟರಿನ ಮೇಲೆ ಪುಟ ಕಟ್ಟುವ ಹೆಂಗಸನ್ನು ಎಲ್ಲರೂ ಪುಟದಕ್ಕ ಎಂದೇ ಕರೆಯುತ್ತಿದ್ದರು. ಕೊಂಬೋ ದೀರ್ಘವೋ ಕೂದಲೆಳೆಯಷ್ಟು ಆಚೀಚೆ ಕೂತರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಕದ್ದ ತಂತ್ರಾಂಶ ಮುಟ್ಟುವುದಿಲ್ಲವೆಂದು ಹಟ ಹಿಡಿದು ಅಲ್ಲಿನ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಲಿನಕ್ಸ್ ತಂದವಳೂ ಅವಳೇ.

ಅವಳ ಜೀವವೆಲ್ಲ ಇದ್ದದ್ದು ಒಂದೇ ಫಾಂಟಿನಲ್ಲಿ. ಅಪ್ಪ ಅಂಗಡಿ ಬೋರ್ಡು ಬರೆಯುತ್ತಿದ್ದವರು. ಪಾರ್ಶ್ವವಾಯು ಬಡಿದು ಕೈ ನಡುಗತೊಡಗಿದ ಮೇಲೆ ಕುಂಚ ಕೆಳಗಿಟ್ಟಿದ್ದರು. ಅವರ ಹಳೆಯ ಹಾಳೆಗಳಿಂದ ಒಂದೊಂದೇ ಅಕ್ಷರ ಸ್ಕ್ಯಾನ್ ಮಾಡಿ, ಒತ್ತು, ಗುಣಿತ ಕೂಡಿಸಿ ಫಾಂಟ್ ಮಾಡಿದ್ದಳು. ಆಮೇಲೆ ಆ ಹಾಳೆಗಳು ಗೆದ್ದಲಿನ ಪಾಲಾದವು.

ಆ ಬೆಳಿಗ್ಗೆ ಲಿನಕ್ಸಿನ ಹೊಸ ಆವೃತ್ತಿ ಹಾಕುವ ಮುಂಚೆ ಎಲ್ಲ ಫೋಲ್ಡರುಗಳನ್ನೂ ಆಯ್ದು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡಳು. ಡಿಸ್ಕ್ ಅಳಿಸಲೇ ಎಂದು ಯಂತ್ರ ಕೇಳಿದಾಗ ಹೂಂ ಎಂದಳು. ಮಧ್ಯಾಹ್ನ ಒಂದು ಮುಖಪುಟ ತೆರೆದರೆ, ಅಪ್ಪನ ಅಕ್ಷರದ ಜಾಗದಲ್ಲಿ ಯಾವುದೋ ಸಪ್ಪೆ ಫಾಂಟು ಹಾಯಾಗಿ ಕೂತಿದೆ.

ಆಗ ಅವಳಿಗೆ ಹೊಳೆಯಿತು. ಫಾಂಟುಗಳ ಫೋಲ್ಡರಿನ ಹೆಸರು ಚುಕ್ಕಿಯಿಂದ ಶುರು. ಲಿನಕ್ಸಿನಲ್ಲಿ ಹೆಸರಿನ ಮುಂದೆ ಚುಕ್ಕಿ ಇದ್ದರೆ ಆ ಫೋಲ್ಡರು ಕಣ್ಣಿಗೂ ಕಾಣದು, ನಕಲಿಗೂ ಸಿಗದು. ಜೋಪಾನವಾಗಿರಲೆಂದು ಫಾಂಟಿನ ಮೂಲ ಕಡತವನ್ನೂ ಈ ಪುಣ್ಯಾತ್ಗಿತ್ತಿ ಅಲ್ಲೇ ಇಟ್ಟಿದ್ದಳು. ಹಳೆಯ ಪಿಡಿಎಫ್‌ಗಳನ್ನು ತಡಕಾಡಿದಳು. ಅವುಗಳಲ್ಲಿ ಆಯಾ ಪುಟಕ್ಕೆ ಬಳಸಿದ ನಾಲ್ಕಾರು ಅಕ್ಷರಗಳಷ್ಟೇ ಇದ್ದವು.

"ಬೇರೆ ಯಾವ್ದಾದ್ರೂ ಹಾಕಮ್ಮ, ಯಾರಿಗೆ ಗೊತ್ತಾಗುತ್ತೆ," ಎಂದರು ಮಾಲೀಕರು. ಅವಳು ಯಂತ್ರ ಆರಿಸಿ ಎದ್ದಳು.

ಮನೆಗೆ ಬಂದು ಅಪ್ಪನ ಮುಂದೆ ಕೂತಳು. "ಅಪ್ಪಾ, ನಿಮ್ಮ ಅಕ್ಷರನೆಲ್ಲಾ ನನ್ನ ಕೈಯಾರೆ ಅಳಿಸ್ಬಿಟ್ಟೆ."

ಅಪ್ಪ ಗೋಡೆಯತ್ತ ಮುಖ ತಿರುಗಿಸಿದರು. "ಅವು ನನ್ನವಲ್ಲಮ್ಮ. ಪೆನ್ಸಿಲಲ್ಲಿ ಬರೀತಿದ್ದದ್ದು ನಿಮ್ಮಮ್ಮ. ನಾನು ಬೋರ್ಡಿಗೆ ಇಳಿಸಿ ಬಣ್ಣ ತುಂಬ್ತಿದ್ದೆ, ಅಷ್ಟೇ. ನೀನು ಫಾಂಟಿಗೆ ನನ್ನ ಹೆಸರಿಟ್ಟ ಮೇಲಂತೂ ಹೇಳೋಕೆ ಬಾಯೇ ಬರ್ಲಿಲ್ಲ."

ಪುಟದಕ್ಕ ಅಡುಗೆಮನೆಯತ್ತ ತಿರುಗಿದಳು. ಅಕ್ಷರದ ಬಾಲ ನೋಡಿ ಫಾಂಟಿನ ಹೆಸರು ಹೇಳುತ್ತಿದ್ದವಳಿಗೆ ಮನೆಯೊಳಗಿನ ಕೈಯೇ ಗುರುತು ಸಿಕ್ಕಿರಲಿಲ್ಲ. ಮುದ್ರಣಾಲಯಕ್ಕೆ ಬುತ್ತಿ ತಂದಾಗ ಅಮ್ಮ ಅದೆಷ್ಟು ಸಲ ಅವಳ ಬೆನ್ನ ಹಿಂದೆ ನಿಂತು, ಪರದೆಯ ಮೇಲಿನ ಅಕ್ಷರಗಳನ್ನು ಸುಮ್ಮನೆ ನೋಡಿ ಹೋಗಿದ್ದರು.

ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಮ್ಮ, ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಕಾಗದ ಎಳೆದುಕೊಂಡರು. ಪೆನ್ಸಿಲ್ ಹಿಡಿದ ಕೈ ಚೂರೂ ನಡುಗಲಿಲ್ಲ.

"ಬರ್ಕೊಡ್ತೀನಿ," ಎಂದರು. "ಈ ಸಲ ನನ್ನ ಹೆಸರಿಡು."