ಅಂಗಳದಿಂದ ಕಂಡ ತೋಟ

ಬೆಳ್ಳಾರೆಯ ನಮ್ಮ ಕಡೆಗೆ ಸರಕಾರದ ಬೆಳೆ ಸಮೀಕ್ಷೆಗೆ ಬರುತ್ತಿದ್ದವರು ನಮ್ಮೂರಿನ ಒಬ್ಬ ಕೃಷಿಕರೇ. ಅವರು ತೋಟಕ್ಕೆ ಇಳಿದದ್ದನ್ನು ನಾನು ಕಂಡಿರಲಿಲ್ಲ. ಅಂಗಳದ ಅಂಚಿನಲ್ಲಿ ನಿಂತು, ಮೊಬೈಲನ್ನು ತಲೆಯ ಮೇಲಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಫೋಟೋ ತೆಗೆಯುತ್ತಿದ್ದರು. ಆಮೇಲೆ ಚಾ ಕುಡಿಯಲು ಕೂರುತ್ತಿದ್ದರು.

ನನ್ನ ಅಡಿಕೆ ಮರಗಳಿಗೆಲ್ಲ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇನೆ. ಅವರು ಮೊಬೈಲಿನಲ್ಲಿ ಒತ್ತಿದ್ದು ಅಡಿಕೆ ಮಾತ್ರ.

"ಮೆಣಸೂ ಉಂಟಲ್ಲ?" ಎಂದೆ.

"ಡಾಟಾ ಮೇಲಿನ ಆಫೀಸಿಗೆ ಹೋಗಿ ಆಯ್ತು ಮಾರಾಯ್ರೆ" ಎಂದರು. ಎಂತ ಕೇಳಿದರೂ ಅವರದ್ದು ಅದೇ ಉತ್ತರ.

ಆ ಮಳೆಗಾಲ ಮೆಣಸು ಕೈಕೊಟ್ಟಿತು. ವಿಮೆಯವರು ಅದೇ ಸಮೀಕ್ಷೆ ತೆರೆದು, ನಿಮ್ಮಲ್ಲಿ ಮೆಣಸೇ ಇಲ್ಲ ಎಂದರು. ಕಂತು ಕಟ್ಟಿಸಿಕೊಳ್ಳುವಾಗ ಇದ್ದ ಬಳ್ಳಿ ಪರಿಹಾರ ಕೇಳುವಾಗ ಮಾಯ. ನಾನು ಸಮೀಕ್ಷೆ ಮಾಡಿದವರನ್ನು ಹಿಡಿದುಕೊಂಡೆ.

"ನಾನು ತೆಗೆದದ್ದು ಊರಲ್ಲಿ ಯಾವ ಬೆಳೆ ಎಷ್ಟುಂಟು ಅಂತ ಅಂದಾಜಿಗೆ. ವಿಮೆಗೂ ಇದನ್ನೇ ನೋಡ್ತಾರೆ ಅಂತ ನನಗೆ ಯಾರು ಹೇಳಿದ್ದಾರೆ?"

ಅದು ಸುಳ್ಳಲ್ಲ. ಒಂದು ಕೆಲಸಕ್ಕೆ ಸಂಗ್ರಹಿಸಿದ ಮಾಹಿತಿಯನ್ನು ಇನ್ನೊಂದಕ್ಕೆ ಎತ್ತಿಕೊಳ್ಳುವಾಗ ಸರಕಾರ ಫೋಟೋ ತೆಗೆದವನನ್ನೂ ಕೇಳುವುದಿಲ್ಲ, ತೋಟದವನನ್ನೂ ಕೇಳುವುದಿಲ್ಲ.

ವಾರ ಕಳೆದು ಅವರೇ, ಪೇಟೆಯಲ್ಲಿ ಅರ್ಜಿ ಬರೆದುಕೊಡುವ ನನ್ನ ಅಂಗಡಿಗೆ ಬಂದರು. ಅವರ ಮೆಣಸೂ ದಾಖಲೆಯಲ್ಲಿ ಇಲ್ಲವಂತೆ. ತಮ್ಮ ತೋಟದ ಫೋಟೋವನ್ನೂ ಜಗಲಿಯಿಂದಲೇ ತೆಗೆದಿದ್ದರು. ಆಕ್ಷೇಪಣೆ ಬರೆದುಕೊಡಿ ಎಂದರು.

"ಬರೆದುಕೊಡುವ. ಮೊದಲು ನೀವು ನನ್ನ ತೋಟಕ್ಕೆ ಇಳಿಯಿರಿ, ನನ್ನ ಆಕ್ಷೇಪಣೆಗೂ ಮೆಣಸಿನ ಫೋಟೋ ಬೇಕು" ಎಂದೆ.

ಇಳಿದರು. ಪ್ರತಿ ಮರದ ಬುಡಕ್ಕೂ ಬಗ್ಗಿ, ಎರಡೂ ಕಣ್ಣು ಬಿಟ್ಟು ಫೋಟೋ ತೆಗೆದರು. ಸಮೀಕ್ಷೆಗೆ ಯಾರು ಬಂದರೂ ನಿಮಗೆ ನನ್ನ ಸಲಹೆ ಇಷ್ಟೇ: ಚಾ ಕೊಡಿ, ಆದರೆ ಅವರು ತೋಟದಿಂದ ಹತ್ತಿ ಬಂದ ಮೇಲೆ.