ಮೊದಲ ಗಂಟಿನ ವರದಿ

ಮರಿಯಣ್ಣ ಚಾಮರಾಜಪೇಟೆಯಲ್ಲಿ ಇಪ್ಪತ್ತೆಂಟು ವರ್ಷ ರವಿಕೆ ಹೊಲಿದವರು. ಮಿಷನ್ನಿನ ಪೆಡಲ್ ತುಳಿಯುವುದು ಬರಿಗಾಲಿನಲ್ಲೇ. ಚಪ್ಪಲಿ ಹಾಕಿದರೆ ಹದ ತಿಳಿಯುವುದಿಲ್ಲ ಎನ್ನುತ್ತಿದ್ದರು. ೨೦೦೬ರ ಬೇಸಿಗೆಯಲ್ಲಿ ಎಡ ಅಂಗಾಲಿನಲ್ಲಿ ಒಂದು ಕಪ್ಪು ಮಚ್ಚೆ ಕಂಡಿತು. ಮಿಷನ್ ಎಣ್ಣೆಯ ಕಲೆ ಎಂದುಕೊಂಡು ಸೀಮೆಎಣ್ಣೆ ಹಚ್ಚಿ ಉಜ್ಜಿದರು. ಹೋಗಲಿಲ್ಲ. ನೋವಿಲ್ಲ, ತುರಿಕೆಯಿಲ್ಲ. ದೀಪಾವಳಿಯ ಎಣ್ಣೆ ಹಚ್ಚುವಾಗ ಹೆಂಡತಿ ಶಿವಕುಮಾರಿ ನೋಡಿದರು. ಮಚ್ಚೆಯ ಅಂಚು ಒಂದು ಕಡೆಗೆ ಚಾಚಿಕೊಂಡಿತ್ತು. ಹಬ್ಬ ಮುಗಿದ ಮರುದಿನವೇ ಆಸ್ಪತ್ರೆಗೆ ಎಳೆದೊಯ್ದರು.

ಅಲ್ಲಿ ಮಚ್ಚೆಯ ಚೂರು ಕತ್ತರಿಸಿ ಪರೀಕ್ಷಿಸಿದರು. ಚರ್ಮದ ಕ್ಯಾನ್ಸರ್, ಆಳ ಒಂದೂವರೆ ಮಿಲಿಮೀಟರ್.

"ಶುರುವಲ್ಲೇ ಬಂದಿದೀರ," ಎಂದರು ಸರ್ಜನ್ ಸಂಕರ್ಷಣ. "ಆದ್ರೂ ಮಚ್ಚೆ ತೆಗೆಯೋವಾಗ ತೊಡೆಸಂದಿ ಗಂಟೂ ನೋಡ್ಬೇಕು."

ಮರಿಯಣ್ಣ ಅಲ್ಲೇ ಒತ್ತಿ ನೋಡಿಕೊಂಡರು. "ಇಲ್ಲೇನೂ ಇಲ್ವಲ್ಲ ಸಾರ್?"

"ಕೈಗೆ ಸಿಗೋ ಹಾಗಿದ್ರೆ ಇಷ್ಟೊತ್ತಿಗೆ ಜಾಸ್ತಿ ಆಗಿರ್ತಿತ್ತು. ಲಿಂಫ್ ಗಂಟು ಎಲ್ರಿಗೂ ಇರುತ್ತೆ. ಮಚ್ಚೆ ಪಕ್ಕ ನೀಲಿ ಬಣ್ಣ ಚುಚ್ತೀವಿ. ಅದು ಹರಿದು ಮೊದಲು ಯಾವ ಗಂಟಿಗೆ ಸೇರುತ್ತೋ ಅದನ್ನ ತೆಗೆದು ನೋಡ್ತೀವಿ. ಕಾಯಿಲೆ ಹೊರಟಿದ್ರೆ ಮೊದಲು ಅಲ್ಲೇ ಇರುತ್ತೆ."

"ತೆಗೆದ್ರೆ ವಾಸಿ ಆಗುತ್ತಾ?"

"ಆ ಮಾತು ಕೊಡಕ್ಕಾಗಲ್ಲ. ಎಲ್ಲಿವರೆಗೆ ಹೋಗಿದೆ ಅಂತ ಗೊತ್ತಾಗುತ್ತೆ."

ಹೊರಗೆ ಬೆಂಚಿನ ಮೇಲೆ ಕೂತು ಮರಿಯಣ್ಣ ಕೇಳಿದರು, "ಗೊತ್ತಾಗಿ ಏನ್ಮಾಡ್ಲಿ ಕುಮಾರಿ?"

"ಗೊತ್ತಿಲ್ದೆ ನಾನೇನ್ಮಾಡ್ಲಿ, ರೀ?"

ಮರಿಯಣ್ಣ ಎದ್ದು ಹೋಗಿ ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕಿದರು.

ಆಪರೇಷನ್ನಿನ ಮರುದಿನ ಮೂತ್ರ ಹಸಿರುನೀಲಿಯಾಗಿ ಬಂತು. ಮರಿಯಣ್ಣ ನರ್ಸನ್ನು ಕೂಗಿದರು. ಚುಚ್ಚಿದ ಬಣ್ಣ ಹೋಗ್ತಾ ಇದೆ ಅಷ್ಟೇ ಎಂದಳು ಅವಳು. ವರದಿಗೆ ಹನ್ನೊಂದು ದಿನ. ಬಟ್ಟೆ ತಂದವರು ಯಾವಾಗ ಕೊಡ್ತೀರ ಎಂದರೆ ಮರಿಯಣ್ಣ ತಾರೀಖು ಹೇಳುತ್ತಿರಲಿಲ್ಲ.

ಬಣ್ಣ ಹರಿದು ಸೇರಿದ್ದ ಎರಡು ಗಂಟು ತೆಗೆದಿದ್ದರು. ಒಂದು ಶುದ್ಧವಾಗಿತ್ತು. ಇನ್ನೊಂದರೊಳಗೆ ಸಾಸಿವೆಗಿಂತ ಸಣ್ಣ ಕ್ಯಾನ್ಸರಿನ ಚುಕ್ಕೆ.

ಮತ್ತೆ ಕೊಯ್ದು ಉಳಿದ ಗಂಟುಗಳನ್ನೂ ತೆಗೆದರು. ಅವುಗಳಲ್ಲಿ ಏನೂ ಸಿಗಲಿಲ್ಲ. ಡಾಕ್ಟರ್ ಮಾತ್ರ ನಗಲಿಲ್ಲ. ಮೂರು ತಿಂಗಳಿಗೊಮ್ಮೆ ಬನ್ನಿ ಎಂದರು. ಗಂಟು ತೆಗೆದ ಎಡಗಾಲು ದಿನಾ ಮಧ್ಯಾಹ್ನದ ಹೊತ್ತಿಗೆ ಊದಿಕೊಳ್ಳತೊಡಗಿತು.

ಅಲ್ಲಿಯವರೆಗೆ ತಮ್ಮ ಕತ್ತರಿ ಯಾರಿಗೂ ಮುಟ್ಟಗೊಡದ ಮರಿಯಣ್ಣ, ಒಂದು ಬೆಳಿಗ್ಗೆ ಅದನ್ನು ಹೆಂಡತಿಯ ಕೈಗಿಟ್ಟರು. ಶಿವಕುಮಾರಿ ಮೊದಲ ವಾರ ನಾಲ್ಕು ರವಿಕೆಯ ಬಟ್ಟೆ ಹಾಳು ಮಾಡಿ ಅತ್ತರು. "ಇನ್ನೊಂದ್ಸಲ ಗೀಟು ಹಾಕು," ಎಂದರು ಮರಿಯಣ್ಣ, ಸ್ಟೂಲಿನ ಮೇಲೆ ಕಾಲು ಚಾಚಿಕೊಂಡೇ. ಎರಡು ವರ್ಷ ಹಾಗೆ ಕಲಿಸಿದರು, ಅವಸರದಲ್ಲಿ.

೨೦೦೯ರ ಸಂಕ್ರಾಂತಿ ಕಳೆದ ಮೇಲೆ ಒಣಕೆಮ್ಮು ಹಿಡಿಯಿತು. ಸಂಕರ್ಷಣರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಶ್ವಾಸಕೋಶಕ್ಕೆ ಬಂತಾ ಸಾರ್?" ಎಂದು ಮರಿಯಣ್ಣ ತಾವೇ ಕೇಳಿದರು.

ಆಷಾಢದಲ್ಲಿ ತೀರಿಕೊಂಡರು. ಶ್ರಾವಣದಲ್ಲಿ ಶಿವಕುಮಾರಿ ಅಂಗಡಿ ಬಾಗಿಲು ತೆಗೆದರು. ಒಬ್ಬರೇ ಕತ್ತರಿಸಿದ ಮೊದಲ ರವಿಕೆ ಭುಜದಲ್ಲಿ ತುಸು ಬಿಗಿಯಾಯಿತು. ಬಟ್ಟೆ ಕೊಟ್ಟಿದ್ದವರು ತಕರಾರು ಮಾಡದೆ ತೆಗೆದುಕೊಂಡು ಹೋದರು.