ಆ ಫೋನು ಬಂದ ವಾರ

ನನ್ನ ಚಿಕ್ಕಪ್ಪನ ಮಗ ಐದು ವರ್ಷ ಕೊಲ್ಲಿಯ ಒಂದು ದೇಶದಲ್ಲಿ ವ್ಯಾನು ಓಡಿಸುತ್ತಿದ್ದ. ಅವನ ಖೋಲಿಯಲ್ಲಿ ಇನ್ನಿಬ್ಬರಿದ್ದರು, ಯಾವುದೋ ಬೇರೆ ದೇಶದಿಂದ ಬಂದ ಗೆಳೆಯರು. ಬಬಲೇಶ್ವರದಿಂದ ಚಿಕ್ಕಮ್ಮ ಕಳಿಸುತ್ತಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಮೂವರೂ ಕೂಡಿ ತಿನ್ನುತ್ತಿದ್ದರು. ಆ ಇಬ್ಬರು ಒಂದು ವರ್ಷದಲ್ಲಿ ಮೂವರನ್ನು ಕೊಂದಿದ್ದರೆಂದು ಅಲ್ಲಿನ ಪೊಲೀಸರು ಅವರನ್ನು ಹಿಡಿದ ಮೇಲೆ ಗೊತ್ತಾಯಿತು. ನನ್ನ ಈ ತಮ್ಮನನ್ನು ವಿಚಾರಣೆ ಮಾಡಿ ಬಿಟ್ಟುಕಳಿಸಿದರು. ಸತ್ತವರಲ್ಲಿ ಮೂರನೆಯವನು ಒಬ್ಬ ವಾಚ್‌ಮನ್. ಅವನ ಕೊಲೆಯಾದದ್ದು ಆ ಇಬ್ಬರು ಸಿಕ್ಕಿಬೀಳುವ ಎರಡೇ ದಿನ ಮೊದಲು.

ತಮ್ಮ ನನಗೆ ಫೋನು ಮಾಡಿದ್ದಂತೂ ನಿಜ. ಸಾರವಾಡದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕಬ್ಬಿನ ಟ್ರ್ಯಾಕ್ಟರು ಜೋರಾಗಿ ಹಾಡು ಹಚ್ಚಿಕೊಂಡು ಹೋಗುತ್ತಿತ್ತು. ಒಂದು ಕಿವಿ ಮುಚ್ಚಿಕೊಂಡು ಕೇಳಿಸಿಕೊಂಡೆ. ಖೋಲಿಯವರು ಹೊತ್ತಲ್ಲದ ಹೊತ್ತಿನಲ್ಲಿ ಅಂಗಿ ಒಗೆಯುವುದನ್ನು ಕಂಡೆ ಎಂದಿದ್ದ.

ನಾನು ಇತಿಹಾಸದ ಎಂ.ಎ. ಆಧಾರವಿಲ್ಲದ ಮಾತನ್ನು ನಂಬಬೇಡಿ ಎಂದು ಹುಡುಗರಿಗೆ ಹೇಳುವುದೇ ನನ್ನ ನೌಕರಿ. ಆದರೂ ಸ್ಟಾಫ್ ರೂಮಿನಲ್ಲಿ ಈ ಕಥೆಯನ್ನು ಎಷ್ಟು ಸಲ ಹೇಳಿದೆನೋ. ಹೇಳುವಾಗಲೆಲ್ಲ ಫೋನು ಬಂದದ್ದು ಅವರನ್ನು ಹಿಡಿಯುವ ಒಂದು ವಾರ ಮೊದಲು ಎಂದೇ ಹೇಳಿದೆ. ಕೇಳುವವರು ಅಲ್ಲಿಗೆ ಚಹಾದ ಕಪ್ಪು ಕೆಳಗಿಡುತ್ತಿದ್ದರು.

ಹಾಗೆ ಕಪ್ಪು ಕೆಳಗಿಟ್ಟವರಲ್ಲಿ ತಿಕೋಟಾದ ಸಹೋದ್ಯೋಗಿಯೊಬ್ಬರಿದ್ದರು. ನನ್ನ ತಮ್ಮ ಅಲ್ಲಿನ ಕೆಲಸ ಬಿಟ್ಟು ಬಂದ ಮೇಲೆ ಅವರ ಮಗಳಿಗೂ ಅವನಿಗೂ ಲಗ್ನದ ಮಾತುಕತೆ ನಡೆಯಿತು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದರು. ಅವರು ಮನೆ ನೋಡಲು ಬಬಲೇಶ್ವರಕ್ಕೆ ಬಂದ ದಿನ ಚಿಕ್ಕಮ್ಮ ತಾಟಿನಲ್ಲಿ ಸಕ್ಕರೆ ತುಂಬಿಟ್ಟಿದ್ದಳು, ಮಾತು ಪಕ್ಕಾ ಆದರೆ ಎಲ್ಲರ ಬಾಯಿಗೆ ಹಾಕಲು. ಸಹೋದ್ಯೋಗಿ ನನ್ನ ಕಡೆ ತಿರುಗಿದರು.

"ಸರ, ಒಂದ ಮಾತು. ಹಿಡಿಯೂಕಿಂತ ಒಂದ ವಾರ ಮೊದಲ ನಿಮ್ಮ ತಮ್ಮ ನಿಮಗ ಫೋನ್ ಮಾಡಿದ್ರಂತ ನೀವ ಹೇಳಿದ್ರಿ. ಅಂದ್ರ ಗೊತ್ತಿದ್ದೂ ಸುಮ್ಮನಿದ್ರು. ಆ ವಾಚ್‌ಮನ್ ಆವಾಗಿನ್ನೂ ಬದುಕಿದ್ದ, ಹೌದಿಲ್ರಿ?"

ಚಿಕ್ಕಮ್ಮ ನಡುವೆ ಬಾಯಿ ಹಾಕಿದಳು. "ಯಪ್ಪಾ, ಆ ಖೂನಿ ಮಾಡಾವ್ರಿಗೆ ರೊಟ್ಟಿ ಬಡದ ಬಡದ ಕಳಿಸೇನಿ ನಾ. ಹಂಗಾರ ನನ್ನೂ ಹಿಡೀರಿ."

ಯಾರೂ ನಗಲಿಲ್ಲ. ನನ್ನ ತಮ್ಮ ನೆಲ ನೋಡುತ್ತ, "ನೀನ ಹೇಳಣ್ಣಾ" ಅಂದ.

ಫೋನು ಮೊದಲೇ ಬಂದಿದ್ದರೆ ಸುಮ್ಮನಿದ್ದವನು ಅವನೊಬ್ಬನೇ ಅಲ್ಲ, ನಾನೂ. ಅಷ್ಟು ಸಲ ಕಥೆ ಹೇಳಿದ ನನಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ಫೋನು ಬಂದ ತಾರೀಖು ನೋಡೋಣವೆಂದರೆ ಆಗಿನ ಹಳೆಯ ಮೊಬೈಲು ಕೆಟ್ಟು ಹೋಗಿ ಎಷ್ಟೋ ದಿನವಾಗಿತ್ತು. ನೆನಪಿನಲ್ಲಿ ತಡಕಾಡಿದರೆ ಟ್ರ್ಯಾಕ್ಟರಿನ ಹಾಡು ಮಾತ್ರ ಸಿಕ್ಕಿತು. ಕಬ್ಬಿನ ಟ್ರ್ಯಾಕ್ಟರುಗಳು ಅವರನ್ನು ಹಿಡಿಯುವ ಮೊದಲೂ ಓಡಾಡುತ್ತಿದ್ದವು, ಆಮೇಲೂ.

"ಆ ಒಂದ ವಾರ ನಾ ಸೇರಿಸಿದ್ದರಿ," ಎಂದೆ. "ಕಥಿಗೆ ರುಚಿ ಬರ್ಲಿ ಅಂತ. ಇವ ಫೋನ್ ಮಾಡಿದ್ದು ಅವರನ್ನ ಹಿಡದ ಮ್ಯಾಲ."

ಸಹೋದ್ಯೋಗಿ ನನ್ನನ್ನೇ ನೋಡಿದರು. "ಅಲ್ರೀ ಸರ, ಹುಡುಗರಿಗೆ ಇತಿಹಾಸಾನೂ ಹಿಂಗ ಹೇಳ್ತೀರೇನು?" ಅಂದು ತಾವೇ ಮೊದಲು ನಕ್ಕರು. ಚಿಕ್ಕಮ್ಮ ತಡಮಾಡದೆ ತಾಟು ಎತ್ತಿದಳು. ನನ್ನ ಬಾಯಿಗೆ ಹಾಕಿದ ಸಕ್ಕರೆ ಎಲ್ಲರಿಗಿಂತ ಹೆಚ್ಚಿತ್ತು.

ಬೀಗರು ಹೋದ ಮೇಲೆ ನಾನು ಬಸ್ಸಿಗೆ ಹೊರಟಾಗ ತಮ್ಮ ಹಿಂದೆಯೇ ಬಂದ.

"ಅಣ್ಣಾ, ಖರೇನ ನೀ ಸೇರಿಸಿದ್ದೇನು?"

"ಯಾಕಲೇ?"

"ನನಗೂ ನೆನಪಾಗವಲ್ದು. ಅಂಗಿ ಒಗಿಯೋದು ನೋಡಿದ್ದು ಖರೆ. ನಿನಗ ಯಾವಾಗ ಹೇಳಿದ್ನೋ..."

ಬಸ್ಸು ಬಂತು, ಹತ್ತಿಬಿಟ್ಟೆ. ಮುಂದಿನ ತಿಂಗಳು ಅವನ ಲಗ್ನ. ಬಸ್ಸು ಸಾರವಾಡದಲ್ಲಿ ನಿಂತಾಗಲೆಲ್ಲ ನಾನು ಈಗಲೂ ಕಿಟಕಿಯಿಂದ ಆ ಜಾಗವನ್ನೇ ನೋಡುತ್ತೇನೆ. ಆ ದಿನ ಕೈಯಲ್ಲಿ ಚೀಲವಿತ್ತೇ, ಸ್ವೆಟರ್ ಹಾಕಿದ್ದೆನೇ, ವಾಚ್‌ಮನ್ ಇನ್ನೂ ಬದುಕಿದ್ದನೇ ಎಂದು ಹುಡುಕುತ್ತೇನೆ.